ಅಜ್ಜಾರ ಕಿವಿಗೆ ಹಾಕಿದ ಮಾತು

ನನ್ನ ತವರು ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಏನೇ ತೊಂದರೆ ಬಂದರೂ ಅವ್ವ ಹೇಳುತ್ತಿದ್ದದ್ದು ಒಂದೇ ಮಾತು: "ಅಜ್ಜಾರ ಕಿವಿಗೆ ಹಾಕಿ ಬಾ."

ನಮ್ಮ ಕಡೆ ಮಠದ ಸ್ವಾಮಿಗಳನ್ನು ಅಜ್ಜಾರು ಅಂತಲೇ ಕರೆಯುತ್ತೇವೆ. ಅಣ್ಣತಮ್ಮಂದಿರ ಪಾಲಿನ ಜಗಳ, ಅಳಿಯನ ಕುಡಿತ, ಮಕ್ಕಳಾಗದ ಸಂಕಟ, ಎಲ್ಲವೂ ಹೋಗುವುದು ಅಲ್ಲಿಗೇ. ಪಕ್ಕದ ಮನೆಯವರಿಗೆ ಹೇಳಲು ಆಗದ್ದನ್ನು, ಕಟ್ಟಿಕೊಂಡ ಹೆಂಡತಿಗೂ ಹೇಳಲು ಆಗದ್ದನ್ನು ಅಲ್ಲಿ ಹೇಳುತ್ತಾರೆ. ಹೇಳಿ, ಕಾಲಿಗೆ ಬಿದ್ದು, ಎದೆ ಹಗುರ ಮಾಡಿಕೊಂಡು ಬರುತ್ತಾರೆ.

ನನ್ನ ಅಣ್ಣನೂ ಹಾಗೇ ಹೋಗಿದ್ದ.

ಅಪ್ಪ ಹೋದ ಮೇಲೆ ಎರಡೂವರೆ ಎಕರೆ ಕಬ್ಬು ಅವನ ಹೆಗಲಿಗೆ ಬಂತು. ಅದರ ಜೊತೆ ಮಟ್ಕಾ ಚಟವೂ ಹತ್ತಿಕೊಂಡಿತು. ಮೊದಲು ನೂರು, ಆಮೇಲೆ ಸಾವಿರ. ಒಂದು ದಿನ ವೈನಿಯ, ಅಂದರೆ ಅವನ ಹೆಂಡತಿಯ, ಬಂಗಾರದ ಬೋರಮಾಳ ಸರ ತೆಗೆದುಕೊಂಡು ಹೋಗಿ ಒತ್ತೆ ಇಟ್ಟ. ವೈನಿಗೆ ಬ್ಯಾಂಕ್ ಲಾಕರಿನಲ್ಲಿದೆ ಅಂತ ಸುಳ್ಳು ಹೇಳಿದ. ಆ ಸುಳ್ಳು ಅವನನ್ನು ತಿನ್ನತೊಡಗಿತು. ಒಂದು ಅಮಾವಾಸ್ಯೆ ದಿನ ಮಠಕ್ಕೆ ಹೋಗಿ, ಮಂದಿ ಎಲ್ಲ ಕರಗುವವರೆಗೆ ಕಾದು, ಅತ್ತು, ಎಲ್ಲವನ್ನೂ ಹೇಳಿಬಿಟ್ಟ. ಇನ್ನು ಆಡುವುದಿಲ್ಲ ಅಂತ ಆಣೆ ಮಾಡಿದ. ನಾಲ್ಕು ತಿಂಗಳು ಆಡಲಿಲ್ಲ ಕೂಡ. ಬೋರಮಾಳ ಬಿಡಿಸಲು ದುಡ್ಡು ಕೂಡಿಡುತ್ತಿದ್ದ.

ಆಮೇಲೆ ಶ್ರಾವಣ ಬಂತು. ತಿಂಗಳಿಡೀ ಸಂಜೆ ಪ್ರವಚನ. ಗುಡಿಯ ಮೇಲೆ ಮೈಕು, ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಚಟದ ಬಗ್ಗೆ ಮಾತು ಬಂದಾಗ ಅಜ್ಜಾರು ಹೇಳಿದರಂತೆ: "ಮೊನ್ನೆ ಒಬ್ಬ ಹುಡುಗ ಬಂದಿದ್ದ. ಹೆಸರು ಹೇಳೂದಿಲ್ಲ. ಅಪ್ಪ ಇಲ್ಲ, ಎರಡೂವರೆ ಎಕರೆ ಕಬ್ಬು, ಮನ್ಯಾಗ ಲಕ್ಷ್ಮಿಯಂಥ ಹೆಂಡ್ತಿ. ಆಕಿ ಬೋರಮಾಳ ಒತ್ತಿ ಇಟ್ಟು ಮಟ್ಕಾ ಆಡ್ಯಾನ."

ಮುನ್ನೂರು ಮನೆಯ ಊರು. ಹೆಸರು ಯಾಕೆ ಬೇಕು ಹೇಳಿ?

ವೈನಿ ಹೆಂಗಸರ ಸಾಲಿನಲ್ಲಿ ಮಕ್ಕಳನ್ನು ಕರೆದುಕೊಂಡು ಕುಳಿತಿದ್ದರು. ತಮ್ಮ ಬಂಗಾರ ಎಲ್ಲಿದೆ ಅಂತ ಅವರಿಗೆ ಗೊತ್ತಾಗಿದ್ದು ಮೈಕಿನಲ್ಲಿ. ಅವರು ಎದ್ದು ಹೋಗಲಿಲ್ಲ. ಎದ್ದಿದ್ದರೆ ಅದು ನನ್ನ ಮನೆಯ ಕತೆ ಅಂತ ತಾವೇ ತೋರಿಸಿಕೊಟ್ಟಂತೆ ಆಗುತ್ತಿತ್ತು. ಮಂಗಳಾರತಿ ಆಗುವವರೆಗೂ ಕೊರಳ ಸುತ್ತ ಸೆರಗು ಹೊದ್ದುಕೊಂಡು ಕುಳಿತೇ ಇದ್ದರು. ಮರುದಿನ ಬೆಳಿಗ್ಗೆ ಕೈಸಾಲ ಕೊಟ್ಟವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಯಾರೋ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದರು. ವಾಟ್ಸಾಪ್‌ನಲ್ಲಿ ಅದು ವಿಜಯಪುರದಲ್ಲಿರುವ ನನ್ನವರೆಗೂ ಬಂತು. ಕಳಿಸಿದವರಿಗೆ ಅದು ನನ್ನ ಅಣ್ಣನ ಕತೆ ಅಂತ ಗೊತ್ತಿತ್ತು.

ನಾನು ಹೋಗಿ ಕೇಳಿದೆ. ಅಜ್ಜಾರು ಸಿಟ್ಟಾಗಲಿಲ್ಲ. "ಹೆಸರು ಹೇಳಿಲ್ಲಲ್ಲ ತಂಗಿ. ನಾಲ್ಕು ಮಂದಿಗೆ ಬುದ್ಧಿ ಬರಲಿ ಅಂತ ಹೇಳಿದ್ದು" ಅಂದರು. ಅವರಿಗೆ ಕೆಟ್ಟದ್ದು ಮಾಡುವ ಮನಸ್ಸು ಇರಲಿಲ್ಲ, ಅದನ್ನು ನಾನು ಈಗಲೂ ನಂಬುತ್ತೇನೆ. ಆದರೆ ಅವರು ಮಾಡಿದ್ದು ದ್ರೋಹವೇ. ಆ ಮಾತು ಅವರದಲ್ಲ. ಅಣ್ಣ ಅದನ್ನು ಅವರ ಹತ್ತಿರ ಇಟ್ಟು ಬಂದಿದ್ದ, ಅಷ್ಟೇ.

ಬೆಳಗಾವಿಯವಳೊಬ್ಬಳು ನನ್ನ ಜೊತೆ ಕೆಲಸ ಮಾಡುತ್ತಾಳೆ. ಕ್ಯಾಥೊಲಿಕ್. ಇದನ್ನು ಹೇಳಿಕೊಂಡಾಗ ಅವಳು ತಮ್ಮ ಪಾಪನಿವೇದನೆಯ, ಅಂದರೆ ಮಾಡಿದ ತಪ್ಪನ್ನು ಪಾದ್ರಿಗೆ ಗುಟ್ಟಾಗಿ ಹೇಳಿಕೊಳ್ಳುವುದರ, ನಿಯಮ ವಿವರಿಸಿದಳು. ನನಗೆ ಅಲ್ಲಿಯವರೆಗೆ ಅದು ಸಿನಿಮಾದಲ್ಲಿ ಕಂಡಷ್ಟೇ ಗೊತ್ತಿತ್ತು. ಅವರಲ್ಲಿ ಈ ನಿಯಮ ಎಷ್ಟು ಹಳೆಯದು ಗೊತ್ತಾ? 1215ರಲ್ಲಿ ರೋಮ್‌ನಲ್ಲಿ ನಡೆದ ಚರ್ಚಿನ ಹಿರಿಯರ ಲ್ಯಾಟರನ್ ಸಭೆಯಲ್ಲೇ ಬರೆದಿಟ್ಟಿದ್ದಾರೆ: ಕೇಳಿದ್ದನ್ನು ಹೊರಗೆ ಹೇಳಿದ ಪಾದ್ರಿಯನ್ನು ಪಾದ್ರಿತನದಿಂದ ಇಳಿಸಬೇಕು, ಉಳಿದ ಜೀವನ ಅವನು ಮಠದೊಳಗೆ ಪ್ರಾಯಶ್ಚಿತ್ತ ಮಾಡಬೇಕು. ಇವತ್ತಿನ ಅವರ ಕಾನೂನಿನಲ್ಲಿ ನೇರವಾಗಿ ಗುಟ್ಟು ಬಿಟ್ಟುಕೊಟ್ಟವನಿಗೆ ಧರ್ಮಬಹಿಷ್ಕಾರ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಮಾತು. ಹೆಸರು ಹೇಳದೆ, ಆದರೆ ಕೇಳಿದವರು ಇಂಥವರೇ ಅಂತ ಊಹಿಸುವ ಹಾಗೆ ಮಾತಾಡಿದರೆ ಅದೂ ಅಪರಾಧ. ಪರೋಕ್ಷವಾಗಿ ಮುರಿದದ್ದು ಅಂತ ಅದಕ್ಕೂ ಶಿಕ್ಷೆ ಇದೆ. ಯಾರಿಗೂ ಗೊತ್ತಾಗುವ ಭಯವೇ ಇಲ್ಲದಿದ್ದರೂ, ಕೇಳಿದ್ದನ್ನು ಹೇಳಿಕೊಂಡವನಿಗೆ ತೊಂದರೆಯಾಗುವಂತೆ ಬಳಸಬಾರದು. "ಹೆಸರು ಹೇಳಿಲ್ಲಲ್ಲ" ಅನ್ನುವ ಮಾತಿಗೆ ಅವರು ಜಾಗವನ್ನೇ ಬಿಟ್ಟಿಲ್ಲ.

ನಿಯಮ ಇದ್ದರೆ ಎಲ್ಲ ಸರಿ ಇರುತ್ತದೆ ಅಂತ ನಾನು ಹೇಳುತ್ತಿಲ್ಲ. 2018ರಲ್ಲಿ ಕೇರಳದ ಆರ್ಥೊಡಾಕ್ಸ್ ಚರ್ಚಿನ ನಾಲ್ವರು ಪಾದ್ರಿಗಳ ಮೇಲೆ ದೂರು ಬಂತು. ಪಾಪನಿವೇದನೆಯಲ್ಲಿ ಒಬ್ಬ ಹೆಣ್ಣುಮಗಳು ಹೇಳಿದ್ದನ್ನೇ ಹಿಡಿದುಕೊಂಡು ಆಕೆಯನ್ನು ಬೆದರಿಸಿ ದುರುಪಯೋಗ ಮಾಡಿದರು ಅನ್ನುವ ಆರೋಪ. ಆಗ ರಾಷ್ಟ್ರೀಯ ಮಹಿಳಾ ಆಯೋಗ ಈ ಪದ್ಧತಿಯನ್ನೇ ತೆಗೆದುಹಾಕಿ ಅಂದಿತು. ಚರ್ಚುಗಳು ಒಪ್ಪಲಿಲ್ಲ. ನನಗೂ ತೆಗೆದುಹಾಕುವುದು ಸರಿ ಅನಿಸುವುದಿಲ್ಲ. ಹೇಳಿಕೊಳ್ಳುವ ಜಾಗ ಮುಚ್ಚಿದರೆ ಮನುಷ್ಯ ಎಲ್ಲಿಗೆ ಹೋಗಬೇಕು? ಮುಚ್ಚಬೇಕಾದದ್ದು ಕೇಳಿದವನ ಬಾಯಿ ಅಲ್ವಾ?

ದೇಶದ ಕಾನೂನಿನಿಂದಲೂ ಇಲ್ಲಿ ಜಾಸ್ತಿ ಆಸರೆ ಸಿಗುವುದಿಲ್ಲ. ಗಂಡ ಹೆಂಡತಿಗೆ ಹೇಳಿದ್ದಕ್ಕೆ, ಕಕ್ಷಿದಾರ ವಕೀಲನಿಗೆ ಹೇಳಿದ್ದಕ್ಕೆ 1872ರ ಸಾಕ್ಷ್ಯ ಕಾಯ್ದೆಯಲ್ಲೇ ರಕ್ಷಣೆ ಇತ್ತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲೂ ಇದೆ. ಗುರುವಿಗೆ ಹೇಳಿದ ಮಾತಿಗೆ ಅಂಥದ್ದೇನೂ ಇಲ್ಲ. ಮನೋವೈದ್ಯರ ಹತ್ತಿರ ಹೋದವರ ಗುಟ್ಟು ಕಾಯಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅಣ್ಣನಂಥವರು ಮನೋವೈದ್ಯರ ಹತ್ತಿರ ಹೋಗುತ್ತಾರಾ? ಅವರು ಹೋಗುವುದು ಮಠಕ್ಕೆ, ದರ್ಗಾಕ್ಕೆ, ಚರ್ಚಿಗೆ.

ಒಂದು ವಿಷಯದಲ್ಲಿ ಮಾತ್ರ ನನ್ನ ನಿಲುವು ಬೇರೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಸುಮ್ಮನಿರಬಾರದು. 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿದವರು ದೂರು ಕೊಡಲೇಬೇಕು. ಕೊಡಲಿ. ಆದರೆ ಪೊಲೀಸರಿಗೆ ಹೇಳುವುದು ಬೇರೆ, ಮೈಕಿನಲ್ಲಿ ಹೇಳುವುದು ಬೇರೆ.

ನಮ್ಮ ಸೀಮೆ ಪ್ರವಚನ ಕೇಳಿ ಬೆಳೆದ ಸೀಮೆ. ವಿಜಯಪುರದ ಸಿದ್ಧೇಶ್ವರ ಶ್ರೀಗಳು ಹೊಲ, ಹಕ್ಕಿ, ಮಳೆಯ ಮಾತಾಡುತ್ತಲೇ ಎಷ್ಟು ಜನರನ್ನು ಮುಟ್ಟಿದರು! 2023ರ ಜನವರಿಯಲ್ಲಿ ಅವರು ಹೋದಾಗ ಕೊನೆಯ ದರ್ಶನಕ್ಕೆ ಬಂದ ಜನಸಾಗರವನ್ನು ನಾನೇ ಕಂಡಿದ್ದೇನೆ. ಪ್ರವಚನಕ್ಕೆ ಉದಾಹರಣೆ ಬೇಕೆಂದರೆ ಇಡೀ ಭೂಮಿ ಇದೆ. ನಂಬಿ ಬಂದವನ ಮನೆಯೊಳಗಿಂದಲೇ ತೆಗೆಯಬೇಕಾ?

ಮಠದವರಲ್ಲಿ ಕೈ ಮುಗಿದು ಕೇಳುತ್ತೇನೆ. ಕಷ್ಟ ಹೇಳಿಕೊಳ್ಳಲು ಒಬ್ಬರು ಬಂದಾಗ ಪಕ್ಕದಲ್ಲಿ ನಿಂತ ಸೇವಕರನ್ನು, ಟ್ರಸ್ಟಿನವರನ್ನು ಹೊರಗೆ ಕಳಿಸಿ. ಅರ್ಧ ಗುಟ್ಟು ಅಲ್ಲಿಂದಲೇ ಊರು ಸೇರುತ್ತದೆ. ಕೇಳಿದ್ದನ್ನು ಯಾವ ವೇದಿಕೆಗೂ ತರಬೇಡಿ. ತರಲೇಬೇಕು ಅನಿಸಿದರೆ ಮೊದಲು ಆ ಮನುಷ್ಯನನ್ನು ಕರೆದು ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ಮುಂದೆ ಸ್ವಾಮಿಗಳಾಗುವ ಮರಿದೇವರುಗಳಿಗೆ ಸಂಸ್ಕೃತ ಕಲಿಸುತ್ತೀರಿ, ಪೂಜೆ ಕಲಿಸುತ್ತೀರಿ. ಇದನ್ನೂ ಕಲಿಸಿ.

ಅಣ್ಣ ಈಗ ಮಠದ ಕಡೆ ಹೋಗುವುದಿಲ್ಲ. ಪ್ರವಚನದ ಹೊತ್ತಿಗೆ ಕಬ್ಬಿಗೆ ನೀರು ಬಿಡಲು ಹೊಲಕ್ಕೆ ಹೋಗಿಬಿಡುತ್ತಾನೆ. ಆ ಶ್ರಾವಣ ಮುಗಿದ ಮೇಲೆ ಎರಡು ತಿಂಗಳು ಮತ್ತೆ ಆಡಿದ್ದ. ಈಗ ಬಿಟ್ಟಿದ್ದಾನೆ. ವೈನಿ ಬಿಡಿಸಿದರು, ಬೇರೆ ಯಾರೂ ಅಲ್ಲ.

ಇದನ್ನು ಇಲ್ಲಿ ಹಾಕುವ ಮೊದಲು ಇಬ್ಬರನ್ನೂ ಕೇಳಿದೆ. ಊರ ಹೆಸರು ಬೇಡ ಅಂದರು, ಹಾಕಿಲ್ಲ. ಎಲ್ಲಾ ಬರೆದ ಮೇಲೆ ನಿನ್ನೆ ರಾತ್ರಿ ಫೋನಿನಲ್ಲಿ ಪೂರ್ತಿ ಓದಿದೆ. ಅಣ್ಣ "ಹಾಕವ್ವಾ" ಅಂದ. ವೈನಿ ಒಂದು ಸಾಲು ತೆಗೆಯಲು ಹೇಳಿದರು. ತೆಗೆದಿದ್ದೇನೆ.