ರಿವೆಟ್ ತಲೆಯ ಅಡಿಯಲ್ಲಿ ಅಡಗಿದ ಬಿರುಕು

ವಿಮಾನ ಎಷ್ಟು ವರ್ಷ ಹಳೇದು ಅಂತ ಎಲ್ಲರೂ ಕೇಳ್ತಾರೆ. ಎಷ್ಟು ಸಲ ಹಾರಿ ಇಳಿದಿದೆ ಅಂತ ಕೇಳಬೇಕು. 1988ರ ಏಪ್ರಿಲ್ 28ರಂದು ಹವಾಯಿಯ ಹಿಲೋದಿಂದ ಹೊನೊಲುಲುವಿಗೆ ಹೊರಟಿದ್ದ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737-200ಕ್ಕೆ 24,000 ಅಡಿ ಎತ್ತರದಲ್ಲಿ ಮುಂಭಾಗದ ಚಾವಣಿ 18 ಅಡಿಯಷ್ಟು ಕಿತ್ತುಹೋಯಿತು. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಆ ವಿಮಾನ ಹಾರಿದ್ದು 35,496 ಗಂಟೆ ಮಾತ್ರ, ಆದರೆ 89,680 ಸಲ. ಅಂದರೆ ಒಂದೊಂದು ಹಾರಾಟ ಹೆಚ್ಚುಕಡಿಮೆ 24 ನಿಮಿಷದ್ದು.

ಪ್ರತಿ ಹಾರಾಟದಲ್ಲೂ ಕ್ಯಾಬಿನ್ ಬಲೂನಿನ ಹಾಗೆ ಒಮ್ಮೆ ಉಬ್ಬಿ ಇಳಿಯುತ್ತೆ. ಪೂರ್ತಿ ಒತ್ತಡ 7.5 ಪಿಎಸ್‌ಐ (ಚದರ ಇಂಚಿಗೆ 7.5 ಪೌಂಡ್), ಬಾಡಿಯ ತ್ರಿಜ್ಯ 74 ಇಂಚು, ತಗಡಿನ ದಪ್ಪ ಬರೀ 0.036 ಇಂಚು. ಗುಣಿಸಿ ಭಾಗಿಸಿದರೆ ತಗಡಿನ ಮೇಲೆ 15,400 ಪಿಎಸ್‌ಐ ಎಳೆತ. ಒಳಗಿನ ಫ್ರೇಮುಗಳು, ಅಂದರೆ ಬಳೆಯಂಥ ಚೌಕಟ್ಟುಗಳು, ಒಂದಿಷ್ಟು ಹೊರುವುದರಿಂದ ನಿಜದಲ್ಲಿ ಇನ್ನೂ ಕಡಿಮೆ. ಅಲ್ಯೂಮಿನಿಯಂಗೆ ಇದು ಭಾರವೇ ಅಲ್ಲ. ಆದರೆ ತಗಡುಗಳನ್ನು ಹಿಡಿದಿಡುವ ರಿವೆಟ್ (ತಲೆಯುಳ್ಳ ಲೋಹದ ಮೊಳೆ) ಕೂರುವ ತೂತಿನ ಅಂಚಿನಲ್ಲಿ ಅದೇ ಎಳೆತ ಮೂರು ಪಟ್ಟಾಗುತ್ತೆ.

ನನ್ನ ಪ್ರಕಾರ ಮೂಲ ತಪ್ಪು ಲ್ಯಾಪ್ ಜಾಯಿಂಟಿನಲ್ಲೇ ಇತ್ತು. ಎರಡು ತಗಡು ಮೂರು ಇಂಚು ಒಂದರ ಮೇಲೊಂದು, ನಡುವೆ ಎಪಾಕ್ಸಿ ಎಂಬ ಅಂಟು ಹಚ್ಚಿದ ತೆಳು ಬಟ್ಟೆ, ಮೇಲಿಂದ ಮೂರು ಸಾಲು ರಿವೆಟ್. ಭಾರ ಹೊರಬೇಕಾದದ್ದು ಅಂಟು. ಆದರೆ ಆ ಅಂಟನ್ನು ಕೊರೆಯುವ ಚಳಿಯಲ್ಲಿಟ್ಟು ಹೊರತೆಗೆದಾಗ ಅದರ ಮೇಲೆ ತೇವ ಕೂತು, ಹಿಡಿತ ಕೆಟ್ಟಿತು. ಸಂದಿಗೆ ಸಮುದ್ರದ ತೇವ ಇಳಿಯಿತು. ಬಿಳಿ ಪುಡಿಯಂಥ ತುಕ್ಕು ಲೋಹಕ್ಕಿಂತ ಎಷ್ಟೋ ಹೆಚ್ಚು ಜಾಗ ಕೇಳುತ್ತೆ, ಹಾಗಾಗಿ ತಗಡುಗಳನ್ನೇ ದೂಡಿತು. ಅಂಟು ಬಿಟ್ಟ ಮೇಲೆ ಎಲ್ಲ ಭಾರ ರಿವೆಟ್ಟಿನ ಮೇಲೆ. ರಿವೆಟ್ಟಿನ ತಲೆ ತಗಡಿನಿಂದ ಹೊರಚಾಚದಿರಲಿ ಅಂತ ಕೊರೆದ ಇಳಿಜಾರು ತಗ್ಗು ತೆಳು ತಗಡಿನ ಪೂರ್ತಿ ದಪ್ಪವನ್ನೇ ತಿಂದು, ತಳದಲ್ಲಿ ಉಳಿದದ್ದು ಚಾಕುವಿನ ಅಲಗಿನಂಥ ಅಂಚು. ಬಿರುಕು ಹುಟ್ಟಿದ್ದು ಅಲ್ಲಿಂದ, ಮೇಲಿನ ಸಾಲಿನಲ್ಲಿ, ಹೊರ ತಗಡಿನಲ್ಲಿ.

ಒಂದೇ ಉದ್ದ ಬಿರುಕಾಗಿದ್ದರೆ ತಗಡಿನ ಒಳಬದಿಗೆ ಹತ್ತಿಂಚಿಗೊಂದರಂತೆ ಹಾಕಿದ್ದ, ಬಿರುಕು ತಡೆಯುವ ಪಟ್ಟಿಗಳು ಅದನ್ನು ತಡೆದು ತಗಡು ಒಂದು ರೆಕ್ಕೆಯಂತೆ ತೆರೆದುಕೊಂಡು ಗಾಳಿ ಹೊರಹೋಗಬೇಕಿತ್ತು. ವಿನ್ಯಾಸದ ನಂಬಿಕೆಯೇ ಅದು. ಆದರೆ ಅಕ್ಕಪಕ್ಕದ ತೂತುಗಳಲ್ಲೆಲ್ಲ ಸಣ್ಣ ಸಣ್ಣ ಬಿರುಕು ಕಾದಿದ್ದವು. ಒಂದು ಇನ್ನೊಂದನ್ನು ಮುಟ್ಟಿದ್ದೇ ತಡ, ಸಾಲಿಗೆ ಸಾಲೇ ಹರಿದುಹೋಯಿತು.

ಕಣ್ಣಿಂದ ನೋಡಿ ಸಹಿ ಹಾಕುವ ತಪಾಸಣೆಯನ್ನು ನಾನು ಒಪ್ಪೋದಿಲ್ಲ. ಟಾರ್ಚನ್ನು ತಗಡಿಗೆ ಓರೆಯಾಗಿ ಹಿಡಿದರೆ ರಿವೆಟ್ಟುಗಳ ನಡುವಿನ ದಿಂಬಿನಂಥ ಉಬ್ಬು ಕಾಣುತ್ತೆ. ಅದು ಒಳಗಿನ ತುಕ್ಕಿನ ಗುರುತು, ಬಿರುಕಿನದಲ್ಲ. ತಲೆಯ ಅಂಚು ದಾಟಿ ಬರುವವರೆಗೆ ಬಿರುಕು ಕಣ್ಣಿಗೆ ಬೀಳೋದೇ ಇಲ್ಲ. ಅದಕ್ಕೆ ಎಡ್ಡಿ ಕರೆಂಟ್ ಬೇಕು, ಅಂದರೆ ಲೋಹದಲ್ಲಿ ಸುಳಿಯಂತೆ ವಿದ್ಯುತ್ ಹರಿಸಿ ಅದರ ಏರುಪೇರಿನಿಂದ ಬಿರುಕು ಹಿಡಿಯುವ ವಿಧಾನ. ಮೊದಲು ಬೇಕೆಂದೇ ಗೀರು ಮಾಡಿದ ಮಾದರಿ ತಗಡಿನ ಮೇಲೆ ಉಪಕರಣ ಹೊಂದಿಸಿ. ಬಣ್ಣ ದಪ್ಪವಾಗಿ ರಿವೆಟ್ ತಲೆ ಕಾಣದಿದ್ದರೆ ತೆಗೆಯಿರಿ. ದಾರಿ ತೋರುವ ಟೆಂಪ್ಲೇಟ್ ಇಟ್ಟು ಪ್ರೋಬನ್ನು (ಉಪಕರಣದ ಕಡ್ಡಿಯಂಥ ತುದಿಯನ್ನು) ಒಂದೊಂದೇ ತಲೆಯ ಸುತ್ತ ತಿರುಗಿಸಿ. ಪ್ರೋಬ್ ಸ್ವಲ್ಪ ವಾಲಿದರೂ ಸುಳ್ಳು ಸೂಚನೆ. ನಡುರಾತ್ರಿ ಏಣಿ ಮೇಲೆ ನಿಂತು ನೂರಾರು ರಿವೆಟ್ ನೋಡಿದವನ ಕಣ್ಣು ಸೋಲುವುದು ಸಹಜ. ಆ ಕೆಲಸಕ್ಕೆ ಹಗಲು, ವಿರಾಮ, ಜೊತೆಗೊಬ್ಬರನ್ನು ಕೊಡದ ಮೇಲೆ ಅವನನ್ನೊಬ್ಬನನ್ನೇ ದೂರುವುದು ಅನ್ಯಾಯ.

ಅಲೋಹಾ ಅವಘಡದ ಆಮೇಲೆ ಅಮೆರಿಕದ ವಿಮಾನಯಾನ ನಿಯಂತ್ರಕರಿಂದ ಬಂದ ಆದೇಶ ಸರಿಯಾದ ಜಾಗಕ್ಕೇ ಕೈ ಹಾಕಿತು: ಮೇಲಿನ ಸಾಲಿನಲ್ಲಿ ತಗ್ಗಿನೊಳಗೆ ಕೂರುವ ಇಳಿತಲೆ ರಿವೆಟ್ಟುಗಳನ್ನೆಲ್ಲ ತೆಗೆದು ಉಬ್ಬುತಲೆಯವನ್ನು ಹಾಕಬೇಕು. ಹಾರುವಾಗ ಗಾಳಿಯ ತಡೆ ಚೂರು ಹೆಚ್ಚಾಗುತ್ತೆ, ನಿಜ. ಆದರೆ ಹೊಸ ತಲೆ ತಗಡಿನ ಮೇಲೆಯೇ ಕೂರುತ್ತೆ, ತಗ್ಗಿನಲ್ಲಲ್ಲ.