ಮಕ್ಕಳ ಜೊತೆ ಬೆಟ್ಟ ಹತ್ತುವವರಿಗೆ: ಅರ್ಧಕ್ಕೇ ಇಳಿದು ಬಂದರೂ ಪರವಾಗಿಲ್ಲ

ಹೋದ ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಕೂತು ಒಂದು ಹುಡುಗಿ ಅಳುತ್ತಿದ್ದಳು. ಆರು ವರ್ಷ ಇರಬಹುದು. ಅವಳಪ್ಪ ನಾಲ್ಕು ಮೆಟ್ಟಿಲು ಮೇಲೆ ನಿಂತು ಮೊಬೈಲ್ ಹಿಡಿದುಕೊಂಡು, "ಇನ್ನೇನು ನಂದಿ ಬಂದೇ ಬಿಡ್ತು ಕಂದ, ಅಳ್ಬೇಡ, ವಿಡಿಯೋದಲ್ಲಿ ಚೆನ್ನಾಗಿ ಕಾಣಲ್ಲ" ಅನ್ನುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ. ಕೆಳಗಿಳಿದು ಬಂದು ನೀರು ಕುಡಿಸಿದರು, ಬೆನ್ನು ಸವರಿದರು. ವಾಪಸ್ ಹೋಗೋಣ ಅಂತ ಮಾತ್ರ ಹೇಳಲಿಲ್ಲ. ಆ ಮಗುವಿನ ಮುಖ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಯಾಕಂದ್ರೆ ಮೂರು ವರ್ಷದ ಹಿಂದೆ ನನ್ನ ಮಗಳ ಮುಖವೂ ಹಾಗೇ ಇತ್ತು. ಆವತ್ತು ನಾಲ್ಕು ಹೆಜ್ಜೆ ಮೇಲೆ ನಿಂತಿದ್ದವಳು ನಾನೇ.

ಅದನ್ನ ಮೊದಲು ಹೇಳಿಬಿಡುತ್ತೇನೆ. ಮಗಳಿಗೆ ಆಗ ಐದು. ಚಿಕ್ಕಮಗಳೂರು ಕಡೆಯ ಒಂದು ಬೆಟ್ಟಕ್ಕೆ ಟ್ರೆಕ್ಕಿಂಗ್ ಕರೆದುಕೊಂಡು ಹೋಗುವವರ ಜೊತೆ ಹೆಸರು ಕೊಟ್ಟಿದ್ದೆವು. "ಫ್ಯಾಮಿಲಿ ಟ್ರೆಕ್, ಮಕ್ಕಳೂ ಬರಬಹುದು" ಅಂದಿದ್ದರು. ರಾತ್ರಿಯೆಲ್ಲ ಬಸ್ಸು, ನಿದ್ದೆಯಿಲ್ಲ, ಬೆಳಿಗ್ಗೆ ಐದಕ್ಕೆ ಎಬ್ಬಿಸಿ ನಡೆಸಿದರು. ಗುಂಪಿನಲ್ಲಿ ಮೂವತ್ತು ಜನ, ಹೆಚ್ಚಿನವರು ಕಾಲೇಜು ಹುಡುಗರು. ಅವರ ಜೊತೆ ಹೆಜ್ಜೆ ಹಾಕುವುದು ನನಗೇ ಕಷ್ಟ ಆಗ್ತಿತ್ತು. ಮಗಳು ಒಂದು ಕಡೆ ಬಗ್ಗಿ ಏನೋ ಹೂವು ನೋಡಿದರೆ ಹಿಂದಿನಿಂದ ಗೈಡು "ಮೇಡಂ, ಬೇಗ ಬನ್ನಿ, ಮಂಜು ಕರಗಿಬಿಡುತ್ತೆ" ಅನ್ನೋರು. ನಾನೂ "ಬೇಗ ಬೇಗ" ಅಂತ ಅವಳ ಕೈ ಎಳೆದೆ. ಎಳೆದೂ ಎಳೆದೂ ತುದಿ ಮುಟ್ಟಿಸಿದೆ. ಅಲ್ಲಿ ತೆಗೆದ ಫೋಟೋದಲ್ಲಿ ನಾವು ಮೂವರೂ ನಗುತ್ತಿದ್ದೇವೆ. ಇಳಿಯುವಾಗ ಅವಳ ಕಾಲು ನಡುಗಿ ಜಾರಿ, ಮೊಣಕೈ ಕಿತ್ತುಹೋಗಿ, ಆಮೇಲೆ ಪೂರ್ತಿ ದಾರಿ ನಮ್ಮ ಮನೆಯವರು ಹೊತ್ತುಕೊಂಡೇ ಬಂದರು. ಸಂಜೆ ಸಾಕ್ಸ್ ಬಿಚ್ಚಿದರೆ ಎರಡು ಇಂಬಳ ಉಂಡು ದಪ್ಪಗಾಗಿದ್ದವು. ಅದಕ್ಕೆ ಅವಳು ಅಳಲಿಲ್ಲ. "ಇನ್ಮೇಲೆ ಬೆಟ್ಟಕ್ಕೆ ಬರಲ್ಲ ಅಮ್ಮ" ಅಂತ ಮೆತ್ತಗೆ ಹೇಳಿದಳು ನೋಡಿ, ಅದು ನನಗೆ ತಾಗಿತು.

ಸುಮಾರು ಎಂಟು ತಿಂಗಳು ಅವಳು ಬೆಟ್ಟದ ಹೆಸರು ಎತ್ತಲು ಬಿಡಲಿಲ್ಲ. ಮತ್ತೆ ಕರೆದುಕೊಂಡು ಹೋಗಿದ್ದು ನಾನಲ್ಲ, ನನ್ನ ಅತ್ತೆ.

ಅತ್ತೆ ಮೈಸೂರಿನವರೇ. ಮದುವೆಗೆ ಮುಂಚಿನಿಂದ ಬೆಟ್ಟದ ಮೆಟ್ಟಿಲು ಹತ್ತುವ ರೂಢಿ. ಹರಕೆ ಹೊತ್ತು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಇಟ್ಟುಕೊಂಡು ಹತ್ತುವ ಹೆಂಗಸರನ್ನ ನೀವೂ ನೋಡಿರುತ್ತೀರಿ, ಅತ್ತೆ ಅಂಥವರಲ್ಲಿ ಒಬ್ಬರು. ಒಂದೊಂದು ಮೆಟ್ಟಿಲಿಗೂ ಬಗ್ಗಬೇಕು, ಬೊಟ್ಟಿಡಬೇಕು, ಏಳಬೇಕು. ಎಲ್ಲರೂ ಹೇಳುವ ಲೆಕ್ಕದಲ್ಲಿ 1008 ಮೆಟ್ಟಿಲು. ಹಾಗೆ ಹತ್ತುವವರಿಗೆ ಅವಸರ ಅನ್ನೋದೇ ಇರಲ್ಲ. ಮೊಮ್ಮಗಳ ಕೈಗೆ ಕುಂಕುಮದ ಬಟ್ಟಲು ಕೊಟ್ಟು, "ನಂಗೆ ಬಗ್ಗಕ್ಕಾಗಲ್ಲ ಪುಟ್ಟಿ, ನೀನು ಇಡ್ತಾ ಬಾ, ಸಾಕಾದಾಗ ಹೇಳು, ಇಳಿದುಬಿಡೋಣ" ಅಂದರು. ಆವತ್ತು ಅವರಿಬ್ಬರೂ ಹತ್ತಿದ್ದು ನೂರೋ ನೂರಿಪ್ಪತ್ತೋ ಮೆಟ್ಟಿಲು, ಅಷ್ಟೇ. ಮನೆಗೆ ಬಂದವಳ ಹತ್ತು ಬೆರಳೂ ಕೆಂಪು, ಫ್ರಾಕೆಲ್ಲ ಕೆಂಪು, "ಅಮ್ಮ, ನಾಳೆನೂ ಹೋಗೋಣ್ವಾ?"

ನಾನು ಹೇಳಬೇಕಾಗಿರೋದು ಇಷ್ಟೇ. ಚಿಕ್ಕ ಮಕ್ಕಳ ಜೊತೆ ದೂರದ ಹೆಸರಾಂತ ಬೆಟ್ಟಕ್ಕೆ ವರ್ಷಕ್ಕೊಂದು ಸಲ ಹೋಗುವ ಬದಲು ನಿಮ್ಮ ಊರ ಪಕ್ಕದ ಬೆಟ್ಟಕ್ಕೆ ಪದೇ ಪದೇ ಹೋಗಿ. ತುದಿ ಮುಟ್ಟಲೇಬೇಕು ಅನ್ನುವ ಹಟ ಬಿಡಿ. ಎಲ್ಲಿಂದ ಇಳಿಯಬೇಕು ಅನ್ನೋದನ್ನ ಮಗು ಹೇಳಲಿ.

ಇದಕ್ಕೆ ಕೆಲವರು "ಹಾಗಾದ್ರೆ ಮಕ್ಕಳು ಗಟ್ಟಿಯಾಗೋದು ಯಾವಾಗ?" ಅಂತ ಕೇಳುತ್ತಾರೆ. ಇನ್ನು ಕೆಲವರು, ಅದರಲ್ಲೂ ನೆಂಟರು, "ಪಾಪ, ಅಷ್ಟು ಚಿಕ್ಕ ಮಗೂನ ಯಾಕೆ ಬೆಟ್ಟ ಹತ್ತಿಸ್ತೀರಾ?" ಅಂತಾರೆ. ನನ್ನ ಪ್ರಕಾರ ಇಬ್ಬರ ಮಾತೂ ತಪ್ಪು. ಮಕ್ಕಳಿಗೆ ನಡೆಯಲು ಆಗುತ್ತೆ, ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿನೇ ಆಗುತ್ತೆ. ಆದರೆ ಅವರು ನಮ್ಮ ಹಾಗೆ ನಡೆಯಲ್ಲ. ಹತ್ತು ಹೆಜ್ಜೆ ಓಡ್ತಾರೆ, ಐದು ನಿಮಿಷ ಕೂರ್ತಾರೆ, ಹಿಂದಕ್ಕೆ ಹೋಗಿ ಮತ್ತೆ ಬರ್ತಾರೆ. ದೊಡ್ಡವರಿಗೆ ಬೆಟ್ಟ ಅಂದ್ರೆ ತುದಿ. ಅವರಿಗೆ ದಾರಿಯಲ್ಲಿ ಬಿದ್ದಿರೋ ಕಲ್ಲೂ ಬೆಟ್ಟವೇ.

ಒಂದು ಉದಾಹರಣೆ ಕೊಡ್ತೀನಿ. ಪಾಂಡವಪುರದ ಕುಂತಿಬೆಟ್ಟ ಗೊತ್ತಲ್ಲ, ಮೈಸೂರಿಂದ ಹೋಗಿ ಬಂದು ಮಾಡಲು ಹಗುರ. ಟಿಪ್ಪು ಕಾಲದಲ್ಲಿ ಫ್ರೆಂಚ್ ಪಡೆ ಬೀಡುಬಿಟ್ಟಿದ್ದರಿಂದ ಆ ಊರನ್ನ ಬ್ರಿಟಿಷರು ಫ್ರೆಂಚ್ ರಾಕ್ಸ್ ಅಂತ ಕರೆಯುತ್ತಿದ್ದರು. ಕುಂತಿ, ಭೀಮ, ಬಕಾಸುರನ ಕತೆಗಳು ಅಲ್ಲಿನ ಬಂಡೆ ಬಂಡೆಗೂ ಅಂಟಿಕೊಂಡಿವೆ. ಭೀಮನ ಕತೆ ಹೇಳಿದರೆ ಮಗ ತಾನಾಗೇ ಹತ್ತುತ್ತಾನೆ ಅಂದುಕೊಂಡಿದ್ದೆ. ನಾಲ್ಕು ವರ್ಷದವನು. ಅರ್ಧ ದಾರಿಯಲ್ಲಿ ಚಾಚಿಕೊಂಡ ಒಂದು ಬಂಡೆಯ ಅಡಿಗೆ ನುಗ್ಗಿದವನು ಹೊರಗೆ ಬರಲೇ ಇಲ್ಲ. ಬಗ್ಗಿ ನೋಡಿದೆ. ಮಳೆ ತಾಗದ ಜಾಗ, ಹಿಟ್ಟಿನಂಥ ಮಣ್ಣು. ಆ ಮಣ್ಣಿನಲ್ಲಿ ಯಾರೋ ಬೆರಳು ತಿರುಗಿಸಿ ಮಾಡಿದ ಹಾಗೆ ಇಪ್ಪತ್ತು ಮೂವತ್ತು ಪುಟ್ಟ ಗುಂಡಿಗಳು, ಆಲಿಕೆಯ ಆಕಾರ. ಇವನು ಹೊಟ್ಟೆ ಮೇಲೆ ಮಲಗಿ, ಮೂಗು ಮಣ್ಣಿಗೆ ತಾಗಿಸಿಕೊಂಡು ನೋಡುತ್ತಿದ್ದ. ಒಂದು ಕೆಂಪಿರುವೆ ಗುಂಡಿಯ ಅಂಚಿಗೆ ಬಂತು. ಕಾಲಡಿಯ ಮಣ್ಣು ಜಾರಿತು. ಮೇಲೆ ಹತ್ತಲು ಹೋದಂತೆಲ್ಲ ಕೆಳಗಿನಿಂದ ಯಾರೋ ಮಣ್ಣು ಎರಚಿದರು. ಎರಚಿದ್ದು ಒಂದು ಹುಳ, ಗುಂಡಿಯ ತಳದಲ್ಲಿ ಮಣ್ಣೊಳಗೆ ಹೂತುಕೊಂಡು ಕಾಯುತ್ತಿತ್ತು. ಎರಡು ಕೊಂಡಿ ಹೊರಗೆ ಬಂದವು, ಇರುವೆ ಒಳಗೆ ಹೋಯಿತು. ಮಗ ತಲೆಯೆತ್ತಿ, ಮೂಗಿನ ತುದಿಯಲ್ಲಿ ಮಣ್ಣು ಮೆತ್ತಿಕೊಂಡು, ಪಿಸುಮಾತಲ್ಲಿ ಹೇಳಿದ: "ಅಮ್ಮ, ಬಕಾಸುರ!"

ಮುಕ್ಕಾಲು ಗಂಟೆ ಅಲ್ಲೇ ಕೂತೆವು. ಆಮೇಲೆ ಬಿಸಿಲೇರಿತು, ಇಳಿದುಬಿಟ್ಟೆವು. ಮೇಲೆ ಹೋಗಿದ್ದರೆ ಕಬ್ಬಿನ ಗದ್ದೆ, ಭತ್ತದ ಗದ್ದೆ ಎಲ್ಲ ಕಾಣ್ತಿತ್ತು ನಿಜ. ಆದರೆ ಆ ಮುಕ್ಕಾಲು ಗಂಟೆಯನ್ನ ಯಾವ ತುದಿಗೂ ಬದಲಾಯಿಸಿಕೊಳ್ಳಲು ನಾನು ತಯಾರಿಲ್ಲ.

ಬೇಗ ಮೇಲೆ ಮುಟ್ಟಿಸುವ ಹಟ ಈಗ ಎಲ್ಲ ಕಡೆ ಜಾಸ್ತಿಯಾಗಿದೆ. ನಾಲ್ಕು ವರ್ಷದ ಮಗು ಇಷ್ಟು ನಿಮಿಷದಲ್ಲಿ ಇಂಥ ಬೆಟ್ಟ ಹತ್ತಿತು ಅಂತ ರೀಲ್ಸ್, ಕೆಳಗೆ ನೂರಾರು ಚಪ್ಪಾಳೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಇರುವೆ ಸಾಲಿನ ಹಾಗೆ ನಿಂತಿದ್ದ ವಿಡಿಯೋ ನೆನಪಿದೆಯಲ್ಲ? 1712 ಮೀಟರ್ ಎತ್ತರದ ಬೆಟ್ಟ ಅದು, ಚೆನ್ನಾಗಿ ನಡೆಯುವ ದೊಡ್ಡವರನ್ನೇ ಸುಸ್ತು ಮಾಡುವ ದಾರಿ. ಅದಾದ ಮೇಲೆ ಸರ್ಕಾರ ಟ್ರೆಕ್ಕಿಂಗ್‌ಗೆ ತಡೆ ಹಾಕಿ, ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಬೇಕಾಯಿತು. ಒಳ್ಳೆಯದೇ ಆಯಿತು. ಅಂಥ ಕಡೆಗೆ ಚಿಕ್ಕ ಮಕ್ಕಳನ್ನ ಕರೆದುಕೊಂಡು ಹೋಗಬೇಡಿ ಅಂತ ಕೈಮುಗಿದು ಕೇಳ್ತೀನಿ. ಸಾವನದುರ್ಗದ ಬೋಳು ಬಂಡೆಯೂ ಅಷ್ಟೇ, ಒಂದು ಹನಿ ಮಳೆ ಬಿದ್ದರೆ ಹಿಡಿದುಕೊಳ್ಳಲು ಏನೂ ಇಲ್ಲ. ಶಿವಗಂಗೆಯ ಮೇಲಿನ ಭಾಗ ಕಂಬಿ ಹಿಡಿದು ಹತ್ತುವಷ್ಟು ಕಡಿದು, ಮಕ್ಕಳು ಸ್ವಲ್ಪ ದೊಡ್ಡವರಾಗಲಿ.

ಬದಲಿಗೆ ಹತ್ತಿರದ್ದು ನೋಡಿ. ಬೆಂಗಳೂರಿನವರಿಗೆ ತುರಹಳ್ಳಿ ಕಾಡಿದೆ, ತುಮಕೂರಿನವರಿಗೆ ದೇವರಾಯನದುರ್ಗ, ಅಲ್ಲೇ ನಾಮದ ಚಿಲುಮೆ. ಕೋಲಾರದವರಿಗೆ ಅಂತರಗಂಗೆ. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ. ಚಿತ್ರದುರ್ಗದವರಿಗಂತೂ ಏಳು ಸುತ್ತಿನ ಕೋಟೆಯೇ ಇದೆ, ಓಬವ್ವನ ಕಿಂಡಿಯಲ್ಲಿ ನುಸುಳಲು ಸಿಕ್ಕರೆ ಯಾವ ಮಗು ಬೇಡ ಅನ್ನುತ್ತೆ ಹೇಳಿ.

ಚಾಮುಂಡಿ ಬೆಟ್ಟದ ವಿಷಯಕ್ಕೆ ಬರ್ತೀನಿ, ಇದು ನನಗೆ ಚೆನ್ನಾಗಿ ಗೊತ್ತು. ಪಾದದಿಂದಲೇ ಶುರು ಮಾಡಬೇಕು ಅಂತ ಯಾರೂ ಕಾನೂನು ಮಾಡಿಲ್ಲ. ನಂದಿ ಸಿಗೋದು ಸುಮಾರು 700ನೇ ಮೆಟ್ಟಿಲಿನ ಹತ್ತಿರ, ಅಲ್ಲಿಯವರೆಗೆ ಗಾಡಿಯಲ್ಲಿ ಹೋಗಿ ಮೇಲಿನ 300 ಮೆಟ್ಟಿಲು ಮಾತ್ರ ಹತ್ತಿಸಬಹುದು. ಮೂರ್ನಾಲ್ಕು ವರ್ಷದವರಿಗೆ ಅಷ್ಟೇ ಬೇಕಾದಷ್ಟಾಯಿತು. ದೊಡ್ಡ ದೇವರಾಜ ಒಡೆಯರ ಕಾಲದ್ದು ಆ ನಂದಿ, 17ನೇ ಶತಮಾನ, ಒಂದೇ ಬಂಡೆಯಲ್ಲಿ ಕಡೆದದ್ದು. ಮಕ್ಕಳಿಗೆ ಇಸವಿ ಹೇಳಬೇಡಿ, ಕೊರಳಿನ ಗಂಟೆ ಎಷ್ಟಿವೆ ಎಣಿಸು ಅನ್ನಿ. ಆಗ ಅದರ ಸುತ್ತ ಮೂರು ಸುತ್ತು ಹಾಕ್ತಾರೆ. ಮಧ್ಯೆ ಮಧ್ಯೆ ತಿರುಗಿ ನಿಂತರೆ ಊರು ಕಾಣುತ್ತೆ: ಅರಮನೆ, ಬೆಳ್ಳಗಿನ ಲಲಿತಮಹಲ್, ಕುದುರೆ ರೇಸಿನ ಮೈದಾನದ ಮೊಟ್ಟೆಯಾಕಾರ. ನಮ್ಮ ಮಗಳು ಪ್ರತಿ ಸಲ "ನಮ್ಮನೆ ಎಲ್ಲಿ?" ಅಂತ ಹುಡುಕುತ್ತಾಳೆ. ಎರಡು ವರ್ಷದಿಂದ ಹುಡುಕುತ್ತಿದ್ದಾಳೆ, ಒಂದೊಂದು ಸಲ ಒಂದೊಂದು ಕಡೆ ಬೆರಳು ತೋರಿಸುತ್ತಾಳೆ.

ಇಳಿಯುವುದೇ ಮಕ್ಕಳಿಗೆ ಕಷ್ಟ, ಬೀಳುವುದೂ ಆಗಲೇ. ನಮಗೆ ಒಂದು ಹೆಜ್ಜೆಯಾದ ಮೆಟ್ಟಿಲು ಅವರಿಗೆ ಒಂದು ಹಾರು. ಹಾಗಾಗಿ ಮೇಲೆ ತಲುಪಿದ ದಿನ ನಾವು ಮೆಟ್ಟಿಲು ಇಳಿಯಲ್ಲ, 201 ನಂಬರ್ ಬಸ್ ಹತ್ತಿ ಬರ್ತೀವಿ. ಸಾದಾ ಬಸ್ಸಾದರೆ ನಮಗೆ ಹೆಂಗಸರಿಗೆ 2023ರ ಜೂನ್‌ನಿಂದ ಟಿಕೆಟ್ ದುಡ್ಡೂ ಇಲ್ಲ. ಅರ್ಧಕ್ಕೇ ತಿರುಗಿದರೆ ಒಂದೊಂದು ಮಗುವಿಗೆ ಒಬ್ಬೊಬ್ಬರು ಒಂದು ಮೆಟ್ಟಿಲು ಕೆಳಗೆ, ಎದುರಿಗೆ ಇರ್ತೀವಿ. ಹಿಂದೆ ಅಲ್ಲ.

ಆಷಾಢ ಶುಕ್ರವಾರ, ದಸರಾ ಸಮಯದಲ್ಲಿ ಚಿಕ್ಕವರನ್ನ ಕರೆದುಕೊಂಡು ಹೋಗಬೇಡಿ, ಆ ನೂಕುನುಗ್ಗಲಲ್ಲಿ ಅವರಿಗೆ ಕಾಣೋದು ಬರೀ ಕಾಲುಗಳು. ಕತ್ತಲಲ್ಲೂ ಬೇಡ, ಬೆಟ್ಟದಲ್ಲಿ ಚಿರತೆ ಇದೆ. ಬೆಳಕು ಹರಿದ ಮೇಲೆ ಹೊರಟು ಒಂಬತ್ತರ ಒಳಗೆ ಮುಗಿಸಿ. ಬಿಸಿಲಿಗೆ ಅವರ ಮೈ ನಮಗಿಂತ ಬೇಗ ಕಾಯುತ್ತೆ, ಬಾಯಾರಿಕೆ ಅಂತ ಅವರಾಗಿ ಹೇಳುವವರೆಗೂ ಕಾಯದೆ ಆಗಾಗ ಒಂದೊಂದು ಗುಟುಕು ಕುಡಿಸಿ. ತಿಂಡಿ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬ್ಯಾಗಿನ ಒಳಗಿಡಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಕೋತಿ ಬಿಡಲ್ಲ. ಒಮ್ಮೆ ಮಗಳ ಕೈಯಿಂದಲೇ ಕಿತ್ತುಕೊಂಡಿತ್ತು, ಒಂದು ತಿಂಗಳು ನಿದ್ದೆಯಲ್ಲಿ ಬೆಚ್ಚುತ್ತಿದ್ದಳು. ಆ ಕೋತಿಗಳಿಗೆ ಬಿಸ್ಕತ್ತು ಹಾಕಿ ಹಾಕಿ ಅಭ್ಯಾಸ ಮಾಡಿಸಿದವರು ನಾವೇ. ದಯವಿಟ್ಟು ಹಾಕಬೇಡಿ, ಮಕ್ಕಳ ಕೈಯಲ್ಲಿ ಹಾಕಿಸಲೂ ಬೇಡಿ. ಇಬ್ಬರ ಕೊರಳಿಗೂ ಒಂದೊಂದು ಸೀಟಿ ಕಟ್ಟಿರುತ್ತೇನೆ. ನಾವು ಕಾಣದೆ ಹೋದರೆ ಇದ್ದಲ್ಲೇ ನಿಂತು ಊದಬೇಕು, ಹುಡುಕಿಕೊಂಡು ಬರಬಾರದು. ಇದನ್ನ ಮನೆಯಲ್ಲೇ ಹತ್ತು ಸಲ ಆಟ ಆಡಿಸಿ ಕಲಿಸಿದ್ದೇನೆ.

ಇನ್ನೊಂದು ಮಾತು, ಸ್ಪೀಕರ್ ಹಾಕಿಕೊಂಡು ಹತ್ತುವವರಿಗೆ. ಮೆಟ್ಟಿಲ ಪಕ್ಕದ ಪೊದೆಯಲ್ಲಿ ನವಿಲು ಕೂಗಿದ್ದು ನನ್ನ ಮಗನಿಗೆ ಕೇಳಬೇಕು. ನಿಮ್ಮ ಹಾಡು ನಿಮ್ಮ ಕಿವಿಗಷ್ಟೇ ಹಾಕಿಕೊಳ್ಳಿ.

ಆವತ್ತು ಆ ಹುಡುಗಿಯ ಅಪ್ಪನಿಗೆ ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು ಅಂತ ಈಗ ಅನ್ನಿಸುತ್ತೆ, ಅದಕ್ಕೇ ಇಷ್ಟುದ್ದ ಬರೆದೆ. ನಮ್ಮವನು ಆಗ ಮೆಟ್ಟಿಲು ಎಣಿಸುವುದರಲ್ಲಿ ಮುಳುಗಿದ್ದ. ಇಪ್ಪತ್ತೊಂಬತ್ತು ಆದ ಮೇಲೆ ಅವನಿಗೆ "ಇಪ್ಪತ್ಹತ್ತು", ಆಮೇಲೆ ಮತ್ತೆ ಒಂದು. ಹಾಗೆ ಎಷ್ಟು ಇಪ್ಪತ್ಹತ್ತು ಆಯಿತೋ, ಒಂದು ಕಡೆ ಕೂತು "ಸಾಕು" ಅಂದ. ಪಕ್ಕದ ಮೆಟ್ಟಿಲಲ್ಲಿ ಯಾರೋ ಇಟ್ಟಿದ್ದ ಕುಂಕುಮ ಇನ್ನೂ ಹಸಿಯಾಗಿತ್ತು. ಅದರಿಂದ ಒಂದು ಬೆರಳು ತೆಗೆದು ತಾನು ಕೂತಿದ್ದ ಮೆಟ್ಟಿಲಿಗೆ ದಪ್ಪಗೆ ಬೊಟ್ಟಿಟ್ಟು, "ಮುಂದಿನ ಸಲ ಇಲ್ಲೀವರೆಗೂ ನೀನು ಎತ್ಕೋಬೇಕು, ಆಮೇಲೆ ನಾನೇ ನಡೀತೀನಿ" ಅಂದ.

ಮಂಗಳವಾರ ರಾತ್ರಿ ಜೋರು ಮಳೆ. ಬೆಳಿಗ್ಗೆ ಎದ್ದವನೇ ಕೇಳಿದ, "ಅಮ್ಮ, ನನ್ನ ಮೆಟ್ಟಿಲಿನ ಕುಂಕುಮ ಹೋಗ್ಬಿಟ್ಟಿರುತ್ತಾ?" ಭಾನುವಾರ ಹೋಗಿ ನೋಡೋಣ ಅಂದಿದ್ದೇನೆ.