ಪಿಯುಸಿ ಇಂಗ್ಲಿಷ್‌ನಲ್ಲಿ ಗ್ರಾಮರ್ ಇಲ್ಲವೇ? ಒಂದು ಸ್ಪಷ್ಟನೆ

"ಪಿಯುಸಿ ಇಂಗ್ಲಿಷ್‌ನ್ಯಾಗ ಬರೇ ಕಥಿ-ಪದ್ಯ ಬಾಯಿಪಾಠ ಮಾಡಸ್ತಾರ, ಗ್ರಾಮರ್ ಕಲಸೂದಿಲ್ಲ. ಬ್ಯಾರೆ ಕೋಚಿಂಗ್ ಹಚ್ಚಲಿಕ್ಕೇ ಬೇಕು." ಕಲಬುರಗಿಯ ಪಾಲಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೀಗೊಂದು ಮಾತು ಓಡಾಡುತ್ತಿದೆ. ಇದು ಸರಿಯಲ್ಲ.

ದ್ವಿತೀಯ ಪಿಯು ಇಂಗ್ಲಿಷ್‌ಗೆ ಪಠ್ಯಪುಸ್ತಕದ ಜೊತೆಗೆ ವರ್ಕ್‌ಬುಕ್ ಬೇರೆಯೇ ಇದೆ. ಅನೇಕ ಮನೆಗಳಲ್ಲಿ ಅದನ್ನು ಬಿಚ್ಚುವುದೇ ಇಲ್ಲ ಅನ್ನುವುದು ಬೇರೆ ಮಾತು. ಕರ್ಮಣಿ ಪ್ರಯೋಗ (ಪ್ಯಾಸಿವ್ ವಾಯ್ಸ್), ಒಬ್ಬರು ಆಡಿದ ಮಾತನ್ನು ಇನ್ನೊಬ್ಬರ ಬಾಯಲ್ಲಿ ವರದಿ ಮಾಡುವುದು, ಟಿಪ್ಪಣಿ ಮಾಡಿಕೊಳ್ಳುವುದು, ಸಂಭಾಷಣೆ, ಭಾಷಣ ಎಲ್ಲವೂ ಅದರಲ್ಲಿವೆ. ಉದ್ಯೋಗದ ಅರ್ಜಿಯನ್ನೇ ನೋಡಿ: ಒಂದು ಜಾಹೀರಾತು ಕೊಟ್ಟಿರುತ್ತಾರೆ. ಅದನ್ನು ಓದಿ ಯಾವ ಹುದ್ದೆ, ಯಾರಿಗೆ ಬರೆಯಬೇಕು ಎಂದು ಗುರುತಿಸಿ, ಪತ್ರ ಬರೆದು, ಕೆಳಗೆ ತಮ್ಮ ವಿವರ ಸೇರಿಸಬೇಕು. ಆಳಂದದ ಹುಡುಗಿ ನಾಳೆ ಬ್ಯಾಂಕಿಗೋ ಆಸ್ಪತ್ರೆಗೋ ಅರ್ಜಿ ಹಾಕುವಾಗ ಬರೆಯುವುದು ಇದನ್ನೇ.

ಇನ್ನು ಕಥೆ-ಪದ್ಯ. ಅವೇನು ಪೂರ್ತಿ ಪರದೇಶದವಲ್ಲ. ಕುವೆಂಪು ಅವರ ಪದ್ಯ, ಲಂಕೇಶರ ಕಥೆ ಇಂಗ್ಲಿಷ್ ಅನುವಾದದಲ್ಲಿ ಈ ಪಠ್ಯಕ್ಕೆ ಬಂದಿವೆ. ತಮಿಳುನಾಡಿನ ಪುದುಕೋಟೆಯ ಹೆಣ್ಣುಮಕ್ಕಳು ಸೈಕಲ್ ಕಲಿತ ಬಗ್ಗೆ ಪತ್ರಕರ್ತ ಪಿ. ಸಾಯಿನಾಥರ ಬರಹವೂ ಇದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇವು ಬೇಗ ಹತ್ತುತ್ತವೆ.

ಬಾಯಿಪಾಠದ ದೂರು ಮಾತ್ರ ಪೂರಾ ಸುಳ್ಳಲ್ಲ. ಗೈಡ್ ಹಿಡಿದು ಉರು ಹೊಡೆಯುವವರು ಇದ್ದಾರೆ, ಹೊಡೆಸುವವರೂ ಇದ್ದಾರೆ. ಆದರೆ ಅದು ಕಲಿಸುವ ರೀತಿಯ ತಪ್ಪು, ಪಠ್ಯದ್ದಲ್ಲ. ಕೋಚಿಂಗ್‌ಗೆ ದುಡ್ಡು ಕಟ್ಟುವ ಮುಂಚೆ ಹಳೆಯದೊಂದು ಪ್ರಶ್ನೆಪತ್ರಿಕೆ ತೆಗೆದು ಕೊನೆಯ ಪುಟಗಳಲ್ಲಿ ಗ್ರಾಮರ್ ಪ್ರಶ್ನೆಗಳು ಇವೆಯೋ ಇಲ್ಲವೋ ನೋಡ್ರಿ.